ಕರಡನ್ನು ನೋಟಿಸ್ ಬೋರ್ಡಿಗೆ ಅಂಟಿಸುವ ಮುನ್ನ

ಪ್ರೀತಿಯ ಮಗಳೇ,

ನೀನು ಕಳಿಸಿದ ಸಾಕುಪ್ರಾಣಿ ನಿಯಮಾವಳಿಯ ಕರಡು ಓದಿದೆ. ಅಬ್ಬಾ, ಎಷ್ಟೊಂದು ಕಲಮುಗಳು! ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯಾದ ಹೊಸತರಲ್ಲೇ ಇಷ್ಟು ಬರೆಸಿದ್ದಾರೆಂದರೆ ನಿಮ್ಮ ವೈಟ್‌ಫೀಲ್ಡಿನ ವಾಟ್ಸ್ಯಾಪ್ ಗುಂಪಿನಲ್ಲಿ ಏನೇನು ನಡೆದಿರಬಹುದೆಂದು ಊಹಿಸಬಲ್ಲೆ. ನಾನೂ ಆ ಕುರ್ಚಿಯಲ್ಲಿ ಕೂತಿದ್ದವನು. ಪಾರ್ಕಿಂಗ್ ಬಿಟ್ಟರೆ ಅಕ್ಕಪಕ್ಕದವರ ಮಾತು ಬಿಡಿಸುವ ಶಕ್ತಿ ಇರುವುದು ನಾಯಿಗೇ.

ಮೊದಲು ತೆಗೆಯಬೇಕಾದ್ದನ್ನು ತೆಗೆದುಬಿಡು. ದೊಡ್ಡ ನಾಯಿ ಸಾಕುವಂತಿಲ್ಲ, ಲಿಫ್ಟ್ ಹತ್ತಿಸುವಂತಿಲ್ಲ, ಮನೆ ಬಿಟ್ಟರೆ ಬಾಯಿಕುಕ್ಕೆ ಕಡ್ಡಾಯ, ನಾಯಿಗೊಂದು ತಿಂಗಳ ಶುಲ್ಕ: ಇವು ಯಾವುವೂ ನಿಲ್ಲುವುದಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ನಾಲ್ಕನ್ನೂ ಬೇಡವೆನ್ನುತ್ತದೆ. ಮಹಾಸಭೆಯಲ್ಲಿ ಬಹುಮತ ಬಂದಿದೆ ಎಂದು ನಿಮ್ಮ ಅಧ್ಯಕ್ಷರು ಹೇಳಬಹುದು. ಬಹುಮತದಿಂದಲೂ ಸಾಕುಪ್ರಾಣಿಗಳನ್ನು ನಿಷೇಧಿಸಲಾಗದು. ಬೈಲಾದಲ್ಲಿ ಅಂಥ ನಿಷೇಧವಿದ್ದರೆ ಅದು ಕಾನೂನುಬಾಹಿರ ಎಂದು 2021ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಹಾಗೆಂದು ಸಾಕುವವರ ಹಕ್ಕಿಗೆ ಮಿತಿಯೇ ಇಲ್ಲ ಎಂದೇನೂ ಅದು ಹೇಳಲಿಲ್ಲ; ನೆರೆಯವರಿಗೆ ತೊಂದರೆಯಾಗದಂತೆ ನ್ಯಾಯವಾದ ಷರತ್ತುಗಳನ್ನು ಹಾಕಬಹುದು.

ನಮ್ಮ ಊರಿನದೇ ಕಥೆ ಬೇಕಿದ್ದರೆ ಆಗಿನ ಬಿಬಿಎಂಪಿಯನ್ನು ನೋಡು. ಫ್ಲ್ಯಾಟಿಗೆ ಒಂದೇ ನಾಯಿ ಎಂದು 2018ರಲ್ಲಿ ಬೈಲಾ ತರಲು ಹೊರಟಿತು; ಜನರ ವಿರೋಧದ ಮುಂದೆ ಅದು ನಿಲ್ಲಲಿಲ್ಲ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳ ಮೇಲೆ ನಿಷೇಧದ ಸುತ್ತೋಲೆ ಹೊರಡಿಸಿತು. ಮರು ತಿಂಗಳೇ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸಂಬಂಧಪಟ್ಟವರನ್ನು ಕೇಳದೆಯೇ ಹೊರಡಿಸಿದ್ದು ಅದಕ್ಕೊಂದು ಮುಖ್ಯ ಕಾರಣ. ದೆಹಲಿಯವರ ಸುತ್ತೋಲೆಯೇ ಕೇಳದ ತಪ್ಪಿಗೆ ಬಿದ್ದುಹೋದರೆ ನಿಮ್ಮ ಕ್ಲಬ್‌ಹೌಸಿನ ನಿರ್ಣಯ ಯಾವ ಲೆಕ್ಕ?

ಹಾಗಾದರೆ ನೀನು ಯಾರನ್ನು ಕೇಳಿದೆ? ನಾಯಿ ಸಾಕಿದವರು, ನಾಯಿ ಕಂಡರಾಗದವರು, ಇಬ್ಬರೂ ಗಂಟಲು ದೊಡ್ಡದು ಮಾಡಿ ಹೇಳಿರುತ್ತಾರೆ. ಮಹಾಸಭೆಯಲ್ಲಿ ಕುರ್ಚಿಯಿಲ್ಲದವರ ಮಾತು ನಿನ್ನ ಕರಡಿನಲ್ಲಿ ಎಲ್ಲಿಯೂ ಕಾಣಲಿಲ್ಲ. ಬಾಡಿಗೆದಾರರಿಗೆ ಅಲ್ಲಿ ಮತವಿಲ್ಲ, ಆದರೆ ನಾಯಿ ಬೆಕ್ಕು ಸಾಕಿದವರಲ್ಲಿ ಅವರೇ ಎಷ್ಟೋ ಮಂದಿ. ಬೆಳಗಾಗೆದ್ದು ಪೊರಕೆ ಹಿಡಿಯುವ ಹೌಸ್‌ಕೀಪಿಂಗ್ ಹೆಂಗಸರಿಗೆ ಯಾವ ಮೂಲೆಯಲ್ಲಿ ದಿನಾ ಹೊಲಸು ಬಿದ್ದಿರುತ್ತದೆಂದು ನಿಮ್ಮ ಸಿಸಿಟಿವಿಗಿಂತ ಚೆನ್ನಾಗಿ ಗೊತ್ತು. ನಾಲ್ಕು ಮನೆಗೆಲಸ ಮಾಡುವಾಕೆಗೆ ಯಾವ ಬಾಗಿಲು ತೆರೆದರೆ ನಾಯಿ ಮೈಮೇಲೆ ಹಾರುತ್ತದೆಂಬುದೂ ಗೊತ್ತು; ಹೇಳಿದರೆ ಕೆಲಸ ಹೋದೀತೆಂದು ಸುಮ್ಮನಿರುತ್ತಾಳೆ. ಇನ್ನು ಗೇಟಿನ ಗಾರ್ಡ್. ನಿಯಮ ನೀನು ಬರೆಯುತ್ತೀಯ, ‘ಸಾರ್, ಬೆಲ್ಟ್ ಹಾಕಿ’ ಎಂದು ಕೋಟಿ ರೂಪಾಯಿಯ ಫ್ಲ್ಯಾಟಿನ ಯಜಮಾನನಿಗೆ ಹೇಳಬೇಕಾದವನು ಅವನು. ಬೈಸಿಕೊಳ್ಳುವವನೂ ಅವನೇ. ಅವನ ಬಾಯಲ್ಲಿ ಹೇಳಿಸಲಾಗದ ಕಲಮನ್ನು ಬರೆಯಲೇಬೇಡ. ಉಲ್ಲಂಘನೆಯಾದರೆ ಅವನು ರಿಜಿಸ್ಟರಿನಲ್ಲಿ ಬರೆದಿಡಲಿ, ಹೋಗಿ ಮಾತಾಡುವುದು ಸಮಿತಿಯ ಕೆಲಸ.

ಹೊಲಸಿಗೆ ದಂಡ ಹಾಕುತ್ತೇವೆ ಎಂದಿದ್ದೀಯಲ್ಲ, ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯ ಪ್ರಕಾರ ಅದಕ್ಕೂ ಸಂಘಕ್ಕೆ ಅಧಿಕಾರವಿಲ್ಲ, ಕೇಳಿಕೊಳ್ಳಬಹುದಷ್ಟೆ. ಕೈಕಟ್ಟಿ ಕೂರು ಎನ್ನುತ್ತಿಲ್ಲ. ಮಕ್ಕಳು ಆಡುವ ಜಾಗದಿಂದ ದೂರ, ಕಾಂಪೌಂಡಿನ ಒಂದು ಮೂಲೆಗೆ ಮಣ್ಣು ಹಾಕಿಸು, ಮುಚ್ಚಳವಿರುವ ಒಂದು ಡಬ್ಬ ಇಡು, ಒಂದು ನಲ್ಲಿ ಕೊಡು. ಹೋಗಲು ಜಾಗವಿಲ್ಲದ ನಾಯಿ ಪಾರ್ಕಿಂಗಿನ ಕಂಬದ ಬುಡಕ್ಕೆ ಹೋಗದೆ ಇನ್ನೆಲ್ಲಿಗೆ ಹೋದೀತು? ಸಾಕಿದವರು ಚೀಲ ಹಿಡಿದು ತಾವೇ ಎತ್ತಬೇಕು, ಹೌಸ್‌ಕೀಪಿಂಗ್‌ನವರಿಂದ ಎತ್ತಿಸಕೂಡದು ಎಂಬ ಕೋರಿಕೆಯನ್ನು ಮಾತ್ರ ದಪ್ಪಕ್ಷರದಲ್ಲಿ ಬರೆ.

ಲಿಫ್ಟಿನ ವಿಷಯಕ್ಕೆ ಬರೋಣ. ‘ಅದು ಏನೂ ಮಾಡಲ್ಲ ಆಂಟಿ’ ಎನ್ನುವ ಮಾತಿದೆಯಲ್ಲ, ನನ್ನ ಪ್ರಕಾರ ಅರ್ಧ ಜಗಳ ಹುಟ್ಟುವುದೇ ಅಲ್ಲಿ. ಅದು ಏನೂ ಮಾಡದಿರಬಹುದು, ಹೆದರಿಕೆ ಅದನ್ನು ಕೇಳಿಕೊಂಡು ಬರುತ್ತದೆಯೇ? ಚಿಕ್ಕಂದಿನಲ್ಲಿ ಕಚ್ಚಿಸಿಕೊಂಡವರಿರುತ್ತಾರೆ, ಮಡಿಯಲ್ಲಿರುವ ಅಜ್ಜಿ ಇರುತ್ತಾರೆ, ನಮಾಜಿಗೆ ಹೊರಟವರು ಇರುತ್ತಾರೆ. ಯಾರೂ ಕಾರಣ ಕೊಡಬೇಕಿಲ್ಲ. ಒಳಗಿರುವವರು ಬೇಡವೆಂದರೆ ನಾಯಿಯವರು ಮುಂದಿನ ಲಿಫ್ಟಿಗೆ ಕಾಯಲಿ. ನಾಯಿ ಮೊದಲೇ ಒಳಗಿದ್ದರೆ ಹೊರಗಿರುವವರು ಕಾಯಲಿ. ಇಷ್ಟು ಸಾಕು.

ಬೊಗಳುವುದಕ್ಕೆ ಸಮಯ ನಿಗದಿ ಮಾಡಿದ್ದೀಯ. ನಕ್ಕೆ, ಕ್ಷಮಿಸು. ದಿನವಿಡೀ ಒಂಟಿಯಾಗಿ ಬೀಗ ಹಾಕಿದ ಮನೆಯಲ್ಲಿರುವ ನಾಯಿಯೇ ಹೆಚ್ಚಾಗಿ ಬೊಗಳುವುದು, ಯಜಮಾನನಿಗೆ ಅದು ಕೇಳಿಸಿಯೇ ಇರುವುದಿಲ್ಲ. ಗುಂಪಿನಲ್ಲಿ ಹಾಕುವ ಮೊದಲು ಅವರಿಗೊಂದು ಫೋನ್ ಮಾಡುವುದು ವಾಸಿ. ಬೆಕ್ಕಿನ ಕಲಮುಗಳನ್ನು ಪೂರ್ತಿ ಹೊಡೆದುಹಾಕು. ಬೆಕ್ಕು ಸಾಕಿದವರ ಮಾತನ್ನೇ ಕೇಳುವುದಿಲ್ಲ, ಸಂಘದ ಮಾತು ಕೇಳೀತೇ?

ಬಿಗಿಯಾಗಿರಬೇಕಾದ್ದು ಕಡಿತದ ವಿಷಯದಲ್ಲಿ, ಅಲ್ಲೇ ನಿನ್ನ ಕರಡು ಸಡಿಲವಾಗಿದೆ. ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ, ಆಮೇಲೆ ವರ್ಷ ವರ್ಷವೂ. ಪ್ರಮಾಣಪತ್ರದ ಪ್ರತಿ ಕಚೇರಿಯಲ್ಲಿರಲಿ. ಮನೆಯಿಂದ ಹೊರಗೆ ಯಾವಾಗಲೂ ಬೆಲ್ಟ್ ಇರಲಿ, ಅದನ್ನು ಹಿಡಿದವರು ನಾಯಿಯನ್ನು ಎಳೆದು ನಿಲ್ಲಿಸಬಲ್ಲ ಕಸುವುಳ್ಳವರಾಗಿರಲಿ. ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಸಣ್ಣ ಗೀರಾದರೂ ಆಸ್ಪತ್ರೆಗೆ ಹೋಗಬೇಕು. ಇದನ್ನು ಗಾರ್ಡ್ ಕೋಣೆಯಲ್ಲಿ ಅಂಟಿಸು. ಖರ್ಚು ನಾಯಿಯ ಯಜಮಾನನದು. ಕಚ್ಚಿಸಿಕೊಂಡವನು ಡೆಲಿವರಿ ಹುಡುಗನಾದರೆ ಚುಚ್ಚುಮದ್ದಿಗಾಗಿ ಮತ್ತೆ ಮತ್ತೆ ಓಡಾಡುವ ದಿನಗಳ ದುಡಿಮೆಯೂ ಆ ಖರ್ಚಿಗೆ ಸೇರಬೇಕು. ನಿರ್ಲಕ್ಷ್ಯ ಮಾಡಿದ ಯಜಮಾನನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದೆಂದು ಒಂದು ಸಾಲು ಸೇರಿಸು. ಹೆದರಿಸಲು ಬೇಡ, ತಿಳಿದಿರಲಿ ಎಂದು.

ಬೀದಿನಾಯಿಗಳ ವಿಷಯವನ್ನು ಇದರಲ್ಲಿ ತುರುಕಬೇಡ. ಅದಕ್ಕೆ 2023ರ ಸಂತಾನ ನಿಯಂತ್ರಣ ನಿಯಮಗಳಿವೆ, ಸುಪ್ರೀಂ ಕೋರ್ಟಿನ ಆದೇಶಗಳಿವೆ. ಎರಡನ್ನೂ ಕಲಸಿದರೆ ಸಭೆ ಮಧ್ಯರಾತ್ರಿಯಾದರೂ ಮುಗಿಯುವುದಿಲ್ಲ.

ತಿದ್ದಿದ ಕರಡನ್ನು ಕಳಿಸು. ಒಂದೇ ಪುಟದಲ್ಲಿರಲಿ, ಕನ್ನಡದಲ್ಲೂ ಹಿಂದಿಯಲ್ಲೂ ಇರಲಿ. ಗೇಟಿನವನೂ ಓದಬೇಕಲ್ಲ.

ಇಂತು,
ನಿನ್ನ ದೊಡ್ಡಪ್ಪ