ಖಾರಪುಡಿಗೂ ಹುಳ ಬೀಳುವ ಊರು

ಖಾರಪುಡಿಗೂ ಹುಳ ಬೀಳುತ್ತದೆ ಎಂದರೆ, ನಮ್ಮ ನಿಪ್ಪಾಣಿ-ಅಥಣಿ ಕಡೆಗೆ ವರ್ಗವಾಗಿ ಬಂದು ಹೊಸದಾಗಿ ಮನೆ ಹಿಡಿದವರು ನಗುತ್ತಾರೆ. ಆಷಾಢದಲ್ಲಿ ಡಬ್ಬಿ ತೆರೆದಾಗ ಆ ನಗು ನಿಲ್ಲುತ್ತದೆ. ಕೆಂಪುಗಂದು ಬಣ್ಣ, ಎರಡು-ಮೂರು ಮಿಲಿಮೀಟರ್ ಉದ್ದ, ತಲೆ ತಗ್ಗಿಸಿ ಗೂನು ಮಾಡಿಕೊಂಡ ಪುಟ್ಟ ದುಂಬಿ. ನಿಪ್ಪಾಣಿಯ ತಂಬಾಕಿನ ವಖಾರಿಯವರನ್ನು ಕೇಳಿ, ಅವರಿಗೆ ಇದು ಹಳೆಯ ಶತ್ರು. ನಾವು ತಂಬಾಕಿನ ಕಷಾಯ ಕಾಸಿ ಬೆಳೆಯ ಹೇನಿಗೆ ಹೊಡೆಯುತ್ತೇವೆ. ಇದರ ಮರಿಯೋ ಆ ತಂಬಾಕನ್ನೇ ಉಂಡು ಬೆಳೆಯುತ್ತದೆ. ಅದರ ಹೊಟ್ಟೆಯಲ್ಲಿ ಯೀಸ್ಟ್‌ನಂಥ ಒಂದು ಸೂಕ್ಷ್ಮಜೀವಿ ಮನೆ ಮಾಡಿಕೊಂಡಿದ್ದು, ವಿಷವನ್ನು ಅರಗಿಸಲು ನೆರವಾಗುತ್ತದೆ. ನಿಕೋಟಿನ್ ಅರಗಿಸಿಕೊಳ್ಳುವ ಪ್ರಾಣಿಗೆ ನಿಮ್ಮ ಮೆಣಸಿನಕಾಯಿ, ಅರಿಶಿನ, ಕೊತ್ತಂಬರಿ ಯಾವ ಲೆಕ್ಕ?

ಆದರೆ ಖಾರ ಕುಟ್ಟಿಸಿದ್ದು ಬೇಸಿಗೆಯಲ್ಲಿ. ಹುಳ ಆಷಾಢದವರೆಗೆ ಏಕೆ ಕಾಯಿತು? ಇದೊಂದು ಪ್ರಶ್ನೆಯ ಉತ್ತರ ತಿಳಿದರೆ ಉಳಿದ ಪಾಠ ಸುಲಭ. ನಮ್ಮ ಮೈಯೊಳಗೆ ಒಂದು ಒಲೆಯಿದೆ. ಹೊರಗೆ ಚಳಿಯಿರಲಿ, ಬಿಸಿಲಿರಲಿ, ಅದು 37 ಡಿಗ್ರಿಯ ಆಸುಪಾಸಿನಲ್ಲೇ ಉರಿಯುತ್ತದೆ. ಕೀಟಕ್ಕೆ ಆ ಒಲೆಯಿಲ್ಲ. ಹೊರಗಿನ ಕಾವೇ ಅದರ ಕಾವು. 30 ಡಿಗ್ರಿ ಸೆಕೆ, ಜೊತೆಗೆ ಹಸಿ ಗಾಳಿ ಸಿಕ್ಕರೆ ಈ ದುಂಬಿ ಮೊಟ್ಟೆಯಿಂದ ದೊಡ್ಡದಾಗಲು ಹೆಚ್ಚುಕಡಿಮೆ ಒಂದು ತಿಂಗಳು ಸಾಕು. 20 ಡಿಗ್ರಿಗೆ ಇಳಿದರೆ ಮೂರು-ನಾಲ್ಕು ತಿಂಗಳು ಬೇಕು. ಏಪ್ರಿಲ್‌ನಲ್ಲಿ ಕಾವಿತ್ತು, ತೇವವಿರಲಿಲ್ಲ. ಜೂನ್‌ನ ಮಿರಗದ ಮಳೆ ತೇವವನ್ನು ತಂದುಕೊಟ್ಟಿತು. ಡಬ್ಬಿಯೊಳಗೆ ಮೊದಲೇ ಇದ್ದ ನಾಲ್ಕು ಹುಳಕ್ಕೆ ಅಷ್ಟೇ ಬೇಕಿತ್ತು.

ಹಾಗಾದರೆ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ಈ ಐದೂ ತಾಲೂಕಿಗೆ ಒಂದೇ ಪಂಚಾಂಗವೇ? ಅಲ್ಲ. ನಿಪ್ಪಾಣಿ, ಚಿಕ್ಕೋಡಿಗಳ ಪಶ್ಚಿಮದ ಅಂಚು ಸಹ್ಯಾದ್ರಿಗೆ ಹತ್ತಿರ. ಜೂನ್‌ನಿಂದಲೇ ಗೋಡೆ ತೇವವಾಗುತ್ತದೆ. ಪೂರ್ವಕ್ಕೆ ಸರಿದಂತೆ ಮಳೆ ತೆಳುವಾಗುತ್ತದೆ. ಅಥಣಿ, ಕಾಗವಾಡದ ಎರಿಭೂಮಿ ಸೆಪ್ಟೆಂಬರ್-ಅಕ್ಟೋಬರಿನ ಮಳೆಗೆ ಕಾದು ಕೂರುತ್ತದೆ. ನಿಪ್ಪಾಣಿಯಲ್ಲಿ ಜುಲೈಗೆ ಕಾಣುವ ಕಾಟ ಅಥಣಿಯಲ್ಲಿ ಎರಡು ತಿಂಗಳು ತಡವಾಗಿ ಬಂದರೆ ಆಶ್ಚರ್ಯವಿಲ್ಲ.

ಈಗ ಜೋಳಕ್ಕೆ ಬನ್ನಿ. ಬಿಳಿಜೋಳದ ಸುಗ್ಗಿ ಚಳಿಗಾಲ ಮುಗಿಯುವಾಗ. ನುಸಿಯ ತಾಯಿ ಕಾಳಿಗೆ ತೂತು ಕೊರೆದು ಮೊಟ್ಟೆಯಿಟ್ಟು ಬಾಯಿ ಮುಚ್ಚಿಬಿಡುತ್ತದೆ. ಮರಿ ಕಾಳಿನೊಳಗೇ ತಿಂದು ಬೆಳೆಯುತ್ತದೆ. ಆದ್ದರಿಂದ ಮೇಲ್ನೋಟಕ್ಕೆ ಚೊಕ್ಕವಾಗಿರುವ ಚೀಲವನ್ನು ನಂಬಬೇಡಿ. ಮೇ ತಿಂಗಳ ಬಿಸಿಲಿಗೆ ತೆಳ್ಳಗೆ ಹರವಿ, ಹಲ್ಲಿಗೆ ಕಟಕ್ಕೆನ್ನುವಷ್ಟು ಒಣಗಿಸಿ, ಪೂರ್ತಿ ಆರಿದ ಮೇಲೆ ತುಂಬಿ. ಬಿಸಿಯಿರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ, ಬಿಸಿಲಿಗೆ ಹಾಕಿದ್ದೂ ವ್ಯರ್ಥ.

ಹಿಂದಿನವರು ನೆಲದೊಳಗೆ ಹಗೇವು ತೋಡುತ್ತಿದ್ದರು. ಅದರ ಗುಟ್ಟು ಕತ್ತಲೆಯಲ್ಲ, ಉಸಿರು. ಬಾಯಿ ಭದ್ರವಾಗಿ ಮುಚ್ಚಿದ ಮೇಲೆ ಕಾಳೂ ಹುಳವೂ ಸೇರಿ ಆಮ್ಲಜನಕ ಮುಗಿಸುತ್ತವೆ, ಕಾರ್ಬನ್ ಡೈಆಕ್ಸೈಡ್ ತುಂಬುತ್ತದೆ, ಹುಳ ಸಾಯುತ್ತದೆ. ಅದೇ ಗಾಳಿಗೆ ಮನುಷ್ಯನೂ ಸಾಯುತ್ತಾನೆ. ಹಗೇವು ತೆರೆದವರು ಮೊದಲು ದೀಪ ಇಳಿಸಿ ನೋಡುತ್ತಿದ್ದುದು ಅದಕ್ಕೇ. ಇಂದು ಆ ಜಾಗದಲ್ಲಿ ಬಿಗಿ ಮುಚ್ಚಳದ ತಗಡಿನ ಡ್ರಮ್ ಇದೆ, ಬೇವಿನ ಎಲೆಯಿದೆ. ಇನ್ನೊಂದೂ ಇದೆ: ಅಂಗಡಿಯಿಂದ ಗುಟ್ಟಾಗಿ ತರುವ ಕಾಳಿನ ಗುಳಿಗೆ. ಅದರಿಂದ ಹೊರಡುವ ಫಾಸ್ಫೀನ್ ಅನಿಲ ಮಲಗುವ ಕೋಣೆಯ ಡ್ರಮ್ಮಿನಿಂದ ಸೋರಿದರೆ ಹುಳದ ಜೊತೆ ಮಕ್ಕಳನ್ನೂ ಕೊಲ್ಲುತ್ತದೆ. ಮನೆಯೊಳಗೆ ಅದು ಬೇಡವೇ ಬೇಡ. ಇದರಲ್ಲಿ ನಾನು ರಾಜಿಯಾಗುವವನಲ್ಲ.

ಮೊದಲ ದೊಡ್ಡ ಮಳೆಯ ಸಂಜೆ ದೀಪದ ಸುತ್ತ ರೆಕ್ಕೆಯ ಹುಳಗಳು ಮುತ್ತುತ್ತವೆ. ಇವು ಒರಲೆಯ, ಅಂದರೆ ಗೆದ್ದಲಿನ, ಮದುವೆಯ ದಿಬ್ಬಣ. ಗಾಬರಿಯಾಗದೆ ಬೆಳಿಗ್ಗೆ ಎದ್ದು ಉದುರಿದ ರೆಕ್ಕೆ ಎಲ್ಲಿವೆ ನೋಡಿ. ಕಿಟಕಿಯ ಹೊರಗೆ, ದೀಪದ ಕೆಳಗೆ ಇದ್ದರೆ ಹೊಲದಿಂದ ಬಂದವು, ಗುಡಿಸಿ ಬಿಡಿ. ಮುಚ್ಚಿದ ಕೋಣೆಯಲ್ಲಿ ಬಾಗಿಲ ಚೌಕಟ್ಟಿನ ಬುಡದಲ್ಲೇ ರಾಶಿ ಬಿದ್ದಿದ್ದರೆ ಗೂಡು ನಿಮ್ಮ ಮನೆಯ ಬುಡದಲ್ಲಿದೆ. ಬಡಗಿಯನ್ನಲ್ಲ, ಮೊದಲು ಸೋರುವ ನಲ್ಲಿ ರಿಪೇರಿ ಮಾಡುವವರನ್ನು ಕರೆಯಿರಿ: ಒರಲೆಗೆ ಕಟ್ಟಿಗೆಯಷ್ಟೇ ಒದ್ದೆ ಮಣ್ಣೂ ಬೇಕು.

ಇಲಿಯ ಲೆಕ್ಕ ಬೇರೆ. ಅದಕ್ಕೆ ಮೈಯೊಳಗೆ ಒಲೆಯಿದೆ, ನಮ್ಮ ಹಾಗೆಯೇ. ಅದು ಆಕಾಶ ನೋಡುವುದಿಲ್ಲ, ಕಬ್ಬು ನೋಡುತ್ತದೆ. ರಾಯಬಾಗ, ಕುಡಚಿ, ಉಗಾರದ ಕಡೆ ವರ್ಷವೆಲ್ಲ ಕಬ್ಬೇ ಅದರ ಊರು. ಕಾರ್ಖಾನೆಗಳು ನುರಿಸಲು ಶುರುಮಾಡಿ, ನಿಮ್ಮ ಮಗ್ಗುಲ ಹೊಲಕ್ಕೆ ಗ್ಯಾಂಗ್ ಇಳಿದು ಕಬ್ಬು ಕಡಿದ ವಾರ ಅಟ್ಟದ ಮೇಲೆ ಓಡಾಟ ಕೇಳಿಸುತ್ತದೆ. ಪೆನ್ಸಿಲ್ ತೂರುವ ಕಿಂಡಿ ಚಿಟ್ಟಿಲಿಗೆ ಹೆಬ್ಬಾಗಿಲು. ಕಬ್ಬಿನ ಕಡಿತಕ್ಕೆ ಮೊದಲೇ ಕಿಂಡಿಗೆ ಗಿಲಾವು ಮಾಡಿ. ಇಲಿಯ ಹಿಂದೆ ಹಾವೂ ಬರುತ್ತದೆ ಎಂಬುದನ್ನು ಇಲ್ಲಿ ಯಾರೂ ಹೇಳಿಕೊಡಬೇಕಿಲ್ಲ.

ನೆರೆಯ ವರ್ಷ ಈ ಕ್ರಮವೆಲ್ಲ ತಲೆಕೆಳಗು. ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದ ಮಳೆ ಕೃಷ್ಣೆ, ದೂಧಗಂಗೆ, ವೇದಗಂಗೆಗಳಲ್ಲಿ ಇಳಿದು, ಇಲ್ಲಿ ಹನಿ ಬೀಳದಿದ್ದರೂ ಊರು ಹೊಗುತ್ತದೆ. 2019ರ ಆಗಸ್ಟ್‌ನಲ್ಲೂ 2021ರ ಜುಲೈನಲ್ಲೂ ನದಿ ಊರು ಹೊಕ್ಕಿತ್ತು. ಬಿಲ ಬಿಟ್ಟ ಇಲಿ, ಹಾವು, ಚೇಳು ಒಣ ಜಾಗ ಹುಡುಕುತ್ತವೆ. ಒಣ ಜಾಗವೆಂದರೆ ನಿಮ್ಮ ಹಾಸಿಗೆಯ ಸಂದಿ, ಬೂಟು, ಕುಳ್ಳಿನ ರಾಶಿ. ನೀರಿಳಿದು ಮನೆಗೆ ಮರಳಿದವರು ಕೋಲಿನಿಂದ ತಟ್ಟಿಯೇ ಕೈ ಹಾಕಬೇಕು. ಇಲಿಯ ಮೂತ್ರ ಬೆರೆತ ಆ ಕೆಸರಿನಲ್ಲಿ ಕಾಲಿಗೆ ಗಾಯವಿದ್ದರೆ ಇಲಿಜ್ವರಕ್ಕೆ ದಾರಿಯಾಗುತ್ತದೆ. ಗಮ್‌ಬೂಟ್ ಹಾಕಿ ಇಳಿಯಿರಿ.

ಸೊಳ್ಳೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಮಾತ್ರ ತಿದ್ದುತ್ತೇನೆ. ಮಳೆ ಕಡಿಮೆಯಾದ್ದರಿಂದ ಅಥಣಿಯ ಕಡೆ ಡೆಂಗೀ ಸೊಳ್ಳೆ ಇರುವುದಿಲ್ಲ ಎನ್ನುವವರಿದ್ದಾರೆ. ನೀರಿಲ್ಲದ ಊರಲ್ಲೇ ಡ್ರಮ್ಮು, ಹಂಡೆ, ತೊಟ್ಟಿ ತುಂಬಿಟ್ಟುಕೊಳ್ಳುವುದು ಹೆಚ್ಚು. ಆ ಸೊಳ್ಳೆಗೆ ಬೇಕಾದದ್ದು ಅಂಥ ನಿಂತ ನೀರೇ. ಮೊಟ್ಟೆಯಿಡುವುದು ನೀರಿನಲ್ಲಲ್ಲ, ನೀರಿನ ಗೆರೆಯ ಮೇಲಿನ ಗೋಡೆಗೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಮುಂದಿನ ಟ್ಯಾಂಕರ್ ಬಂದ ದಿನ ಒಡೆಯುತ್ತದೆ. ನೀರು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆ, ತುಂಬುವ ಮುಂಚೆ, ತೆಂಗಿನ ನಾರು ಹಿಡಿದು ಡ್ರಮ್ಮಿನ ಒಳಗೋಡೆಯನ್ನು ಕಂಠದವರೆಗೆ ತಿಕ್ಕಿ.