ಸುರಪುರದ ನಾಯಕರು: ನಮ್ಮ ನೆರೆಯ ಒಂದು ಇತಿಹಾಸ ಪಾಠ

ಸುವರ್ಣ ಮಹೋತ್ಸವದ ಸಂಚಿಕೆಗೆ ಹಳೆಯ ನೆನಪುಗಳನ್ನು ಬರೆಯಬೇಕೆಂದು ಸಂಪಾದಕ ಮಿತ್ರರು ಕೇಳಿದರು. ಉಪಾಧ್ಯಾಯನಿಗೆ ಪಾಠವೇ ನೆನಪು. ಅದನ್ನೇ ಇಲ್ಲಿ ಒಪ್ಪಿಸುತ್ತಿದ್ದೇನೆ.

1857ರ ಹೋರಾಟವೆಂದರೆ ನಮ್ಮ ಮಕ್ಕಳು ದೆಹಲಿ, ಕಾನ್ಪುರ, ಝಾನ್ಸಿಗಳನ್ನು ಹೇಳುತ್ತಿದ್ದರು. ಮಖ್ತಲಿನಿಂದ ಪಶ್ಚಿಮಕ್ಕೆ ಭೀಮೆಯನ್ನು ದಾಟಿದರೆ ಸಿಗುವ ಸುರಪುರವನ್ನು ಯಾರೂ ಹೇಳುತ್ತಿರಲಿಲ್ಲ.

ಸುರಪುರದ ಬೇಡ ನಾಯಕರು 1705ರಲ್ಲಿ ವಾಗಿನಗೇರಿಯ ಕೋಟೆಯಲ್ಲಿ ಔರಂಗಜೇಬನನ್ನೇ ಎದುರಿಸಿದ ಮನೆತನದವರು. 1841ರಲ್ಲಿ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಬಾಲಕ. ಆಡಳಿತ ನೋಡಿಕೊಳ್ಳಲು ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಆ ಬಾಲಕನನ್ನು ಮಗನಂತೆ ಬೆಳೆಸಿದರು. ಬಾಲಕನೂ ಅವರನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. 1853ರಲ್ಲಿ ಅಧಿಕಾರ ರಾಜನ ಕೈಸೇರಿತು.

1858ರ ಫೆಬ್ರುವರಿಯಲ್ಲಿ ಕಂಪನಿಯ ಸೇನೆ ಸುರಪುರದ ಮೇಲೆ ಬಂದಿತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ರಾಜನು ಹೈದರಾಬಾದಿಗೆ ಹೋಗಿ ಸೆರೆಯಾದನು. ಸೆರೆಮನೆಯಲ್ಲಿ ಟೇಲರ್ ಅವರನ್ನು ಕಂಡಾಗ, ಗಲ್ಲಿಗಿಂತ, ಸೆರೆವಾಸಕ್ಕಿಂತ ತೋಪಿನ ಬಾಯಿಗೆ ಕೊಟ್ಟರೆ ಲೇಸೆಂದು ಹೇಳಿದನಂತೆ. ಮರಣದಂಡನೆ ಕೊನೆಗೆ ನಾಲ್ಕು ವರ್ಷದ ಸೆರೆಯಾಯಿತು. ಆದರೆ ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅವನು ಅಸುನೀಗಿದನು. ಆಗ ಅವನ ವಯಸ್ಸು ಇಪ್ಪತ್ತನಾಲ್ಕು. ಸಂಸ್ಥಾನವು ಬ್ರಿಟಿಷರ ಕೈಸೇರಿ, 1860ರಲ್ಲಿ ನಿಜಾಮರಿಗೆ ಕೊಡುಗೆಯಾಯಿತು.

ಇಂಥದು ನಮ್ಮಲ್ಲಿ ಮಾತ್ರ ನಡೆದುದಲ್ಲ. 1863ರಲ್ಲಿ ರಷ್ಯದ ಚಕ್ರವರ್ತಿಯ ವಿರುದ್ಧ ಎದ್ದ ಪೋಲೆಂಡಿನ ಕುಲೀನರೂ ಜಹಗೀರುಗಳನ್ನು ಕಳೆದುಕೊಂಡು ಸೈಬೀರಿಯದ ಪಾಲಾದರು.

ಪಾಠ ಮುಗಿದಾಗ ಒಮ್ಮೆ ಒಬ್ಬ ಹುಡುಗ ಕೇಳಿದನು: “ಗುರುಗಳೇ, ಆ ರಾಜ ನಮ್ಮವನೋ, ಬೇರೆ ರಾಜ್ಯದವನೋ?” ನಾನು ಕ್ಷಣಕಾಲ ಮೌನಿಯಾದೆ. 1956ರ ನವೆಂಬರ್ 1ರಂದು ಸುರಪುರ ಮೈಸೂರು ರಾಜ್ಯಕ್ಕೆ ಹೋಯಿತು. ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ತಾಲ್ಲೂಕು ಮಹಬೂಬನಗರಕ್ಕೆ ಸೇರಿತು. ನಾರಾಯಣಪೇಟೆ, ಮಖ್ತಲುಗಳೂ ಈ ಕಡೆಯೇ ಉಳಿದವು. ಹುಡುಗನ ಪ್ರಶ್ನೆ ಹುಟ್ಟಿದ್ದು ಆ ಗೆರೆಯಿಂದ. “ಅವನ ಮಾತು ನಿನಗೆ ಅರ್ಥವಾಗುತ್ತಿತ್ತು, ಮಗು, ಆದ್ದರಿಂದ ನಮ್ಮವನೇ” ಎಂದೆ.

ಆ ಉತ್ತರ ಉಳಿಯುವುದು ಮನೆಯಲ್ಲಿ ಕನ್ನಡ ಓದುವವರಿರುವ ತನಕ ಮಾತ್ರ. ಹಳೆಯ ವಿದ್ಯಾರ್ಥಿಗಳೇ, ನಿಮ್ಮ ಮಕ್ಕಳನ್ನು ಒಮ್ಮೆ ಸುರಪುರಕ್ಕೆ ಕರೆದೊಯ್ಯಿರಿ. ಬೆಟ್ಟದ ಮೇಲೆ ಟೇಲರ್ ಮಂಜಿಲ್ ಇಂದಿಗೂ ಇದೆ. ಅಲ್ಲಿ ನಿಂತು ಈ ಕಥೆಯನ್ನು ಕನ್ನಡದಲ್ಲಿಯೇ ಹೇಳಿರಿ. ಈ ಮುದಿ ಗುರುವಿಗೆ ಅದೇ ಗುರುದಕ್ಷಿಣೆ.