ಗಿಡ ಮಲಗುವ ಕಾಲ

ಜರ್ದಾಳು ತಿಂದ ಮೇಲೆ ಅದರ ಬೀಜವನ್ನು ಹಿತ್ತಲಲ್ಲಿ ಊರಿ ನೋಡೋಣ ಅಂತ ಅನ್ನಿಸುವುದು ಸಹಜ. ಊರಿ ನೋಡಿ, ತಪ್ಪೇನಿಲ್ಲ. ಆದರೆ ಹಾಗೇ ಮಣ್ಣಿಗೆ ಹಾಕಿದರೆ ಮೊಳೆಯುವುದು ಕಷ್ಟ. ಒದ್ದೆ ಉಸುಕಿನಲ್ಲಿ ಹುದುಗಿಸಿ ಫ್ರಿಜ್ಜಿನಲ್ಲಿ ಎರಡು-ಮೂರು ತಿಂಗಳು ಇಟ್ಟು, ಆಮೇಲೆ ಕುಂಡಕ್ಕೆ ಹಾಕಬೇಕು. ಸಸಿ ಎದ್ದೀತು, ಎಲೆಯೂ ಬಿಟ್ಟೀತು. ಹೂವು, ಹಣ್ಣಿನ ಆಸೆಯನ್ನು ಮಾತ್ರ ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಇಟ್ಟುಕೊಳ್ಳಬೇಡಿ. ಯಾಕೆ ಎಂಬುದು ತಿಳಿದರೆ, ನಮ್ಮ ಹೊಲಕ್ಕೆ ಯಾವ ಹಣ್ಣು ಒಗ್ಗುತ್ತದೆ ಎಂಬುದೂ ಅದರ ಹಿಂದೆಯೇ ತಿಳಿಯುತ್ತದೆ.

‘ನಮ್ಮಲ್ಲಿ ಬಿಸಿಲು ಬಹಳ, ಅದಕ್ಕೇ ಬರೂದಿಲ್ಲ’ ಎಂದು ಜನ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಒಣ ಜರ್ದಾಳಿಗೆ ಜಗತ್ತಿನಲ್ಲೇ ಹೆಸರಾದದ್ದು ಟರ್ಕಿಯ ಮಲತ್ಯಾ. ಅಲ್ಲಿಯೂ ಬೇಸಿಗೆಯ ಹಗಲು 35 ಡಿಗ್ರಿಯ ಹತ್ತಿರ ಹೋಗುತ್ತದೆ, ಮಳೆಯಂತೂ ನಮಗಿಂತ ಕಡಿಮೆ. ಬಿಸಿಲು ಈ ಗಿಡಕ್ಕೆ ಶತ್ರುವಲ್ಲ. ನಮ್ಮಲ್ಲಿ ಕೊರತೆ ಇರುವುದು ಚಳಿಗೆ.

ಜರ್ದಾಳು ಶರತ್ಕಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಮುಂದಿನ ವರ್ಷದ ಹೂವಿನ ಮೊಗ್ಗುಗಳು ಹಿಂದಿನ ಬೇಸಿಗೆಯಲ್ಲೇ ತಯಾರಾಗಿರುತ್ತವೆ. ಅವೂ ಟೊಂಗೆಯ ಮೇಲೆ ಮುಚ್ಚಿಕೊಂಡು ಮಲಗುತ್ತವೆ. ಈ ನಿದ್ದೆ ಸುಮ್ಮನೆ ಮುಗಿಯುವಂಥದಲ್ಲ. ಸೊನ್ನೆಯಿಂದ 7 ಡಿಗ್ರಿಯೊಳಗಿನ ಚಳಿಯನ್ನು ತಳಿಗೆ ತಕ್ಕಂತೆ ಸುಮಾರು 300ರಿಂದ 900 ತಾಸು ಉಂಡ ಮೇಲೆಯೇ ಮೊಗ್ಗಿನೊಳಗಿನ ತಡೆ ಕಳಚುತ್ತದೆ. ಅಷ್ಟು ಚಳಿ ಸಿಗದಿದ್ದರೆ ಕೆಲವು ಮೊಗ್ಗು ಉದುರುತ್ತವೆ, ಕೆಲವು ತಿಂಗಳುಗಟ್ಟಲೆ ತಡವಾಗಿ ಅಲ್ಲೊಂದು ಇಲ್ಲೊಂದು ಒಡೆಯುತ್ತವೆ. ನಮ್ಮ ಡಿಸೆಂಬರ್, ಜನವರಿಯ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು. ಗಟ್ಟಿ ಥಂಡಿ ಬಿದ್ದ ವರ್ಷ 10ರ ಹತ್ತಿರ ಇಳಿದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಕಡಿಮೆ ಚಳಿ ಬೇಡುವ ತಳಿಗಳಿವೆ ನಿಜ. ಅವಕ್ಕೂ ಮುನ್ನೂರರ ಆಸುಪಾಸು ತಾಸು ಬೇಕೇ ಬೇಕು. ಮೇಲಾಗಿ ನಮ್ಮ ಎರೆ ಮಣ್ಣು ಮಳೆಗಾಲದಲ್ಲಿ ನೀರು ಹಿಡಿದುಕೊಂಡು ನಿಲ್ಲುತ್ತದೆ, ಜರ್ದಾಳಿನ ಬೇರು ಅದನ್ನು ಸಹಿಸುವುದಿಲ್ಲ.

ಹಾಗಾದರೆ ಚಳಿ ಹೆಚ್ಚಿದಷ್ಟೂ ಒಳ್ಳೆಯದೇ? ಅದೂ ಅಲ್ಲ. ಲಡಾಖಿನವರನ್ನು ಕೇಳಿದರೆ ಬೇರೆಯೇ ಕಷ್ಟ ಹೇಳುತ್ತಾರೆ. ಮಲಗಿದ ಮೊಗ್ಗು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯನ್ನೂ ತಡೆದೀತು. ಅರಳಿದ ಹೂವು ಸೊನ್ನೆಯ ಕೆಳಗೆ ಎರಡು-ಮೂರು ಡಿಗ್ರಿ ಇಳಿದರೆ ಸುಟ್ಟುಹೋಗುತ್ತದೆ. ಜರ್ದಾಳಿಗೆ ಎಚ್ಚರವಾಗುವ ಅವಸರ ಬಹಳ. ಚಳಿಯ ತಾಸು ತುಂಬಿದ ಮೇಲೆ ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಉಳಿದ ಬಹುತೇಕ ಹಣ್ಣಿನ ಗಿಡಗಳಿಗಿಂತ ಮೊದಲೇ ಹೂ ಬಿಟ್ಟುಬಿಡುತ್ತದೆ. ಹಿಂದಿನಿಂದ ಬಂದ ಹಿಮ ಆ ಹೂವನ್ನೆಲ್ಲ ಒಯ್ಯುತ್ತದೆ. ಆದ್ದರಿಂದ ಶೀತಪ್ರದೇಶದ ತೋಟಗಾರರು ತಣ್ಣನೆಯ ಗಾಳಿ ಇಳಿದು ನಿಲ್ಲುವ ಕಣಿವೆಯ ತಳವನ್ನು ಬಿಟ್ಟು ಇಳಿಜಾರಿನ ಮೇಲ್ಭಾಗದಲ್ಲಿ ಗಿಡ ಹಚ್ಚುತ್ತಾರೆ. ಕೆಲವು ಕಡೆ ಬೇಕೆಂದೇ ಉತ್ತರದ ಇಳಿಜಾರು ಹುಡುಕುತ್ತಾರೆ, ಬಿಸಿಲು ತಡವಾಗಿ ತಾಗಿ ಗಿಡ ಇನ್ನೆರಡು ದಿನ ಹೆಚ್ಚು ಮಲಗಲಿ ಎಂದು. ಇಷ್ಟೆಲ್ಲ ಮಾಡಿ ಬೆಳೆದ ಲಡಾಖಿನ ಬಿಳಿ ಬೀಜದ ‘ರಕ್ತ್ಸೆ ಕಾರ್ಪೊ’ ಜರ್ದಾಳಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ರುಚಿಯಲ್ಲಿ ಅದಕ್ಕದೇ ಸಾಟಿ ಎನ್ನುತ್ತಾರೆ.

ಈಗ ನಮ್ಮ ಹೊಲಕ್ಕೆ ಬರೋಣ. ಹೊಸಬರು ಗಿಡ ಕೊಳ್ಳುವಾಗ ‘ಇದು ಬಿಸಿಲು ತಡೀತದೇನು?’ ಎಂದು ಕೇಳುತ್ತಾರೆ. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ, ಈ ಗಿಡ ಯಾವಾಗ ಮಲಗುತ್ತದೆ, ಯಾವುದರಿಂದ ಎಚ್ಚರವಾಗುತ್ತದೆ ಎಂಬುದು. ದಾಳಿಂಬೆಯವರು ಇದನ್ನು ಬಲ್ಲರು. ಒಂದೆರಡು ತಿಂಗಳು ನೀರು ನಿಲ್ಲಿಸಿ, ಎಲೆ ಉದುರಿಸಿ, ಮತ್ತೆ ನೀರು ಬಿಟ್ಟು ಬಹಾರ್ ಹಿಡಿಯುವುದೆಂದರೆ ಬಾಯಾರಿಸಿ ಮಲಗಿಸಿ ನೀರುಣಿಸಿ ಎಬ್ಬಿಸುವುದೇ. ಆದರೆ ಅದಕ್ಕೆ ಬೋರಿನ ನೀರು, ಔಷಧಿ, ದುಡ್ಡು ಎಲ್ಲ ಬೇಕು. ಮಳೆಯನ್ನೇ ನಂಬಿದ ಹೊಸಬರಿಗೆ ನಾನು ಮೊದಲು ಹೇಳುವ ಹೆಸರು ಬಾರಿ.

ಹೌದು, ಅದೇ ಬಾರಿಹಣ್ಣು. ಗಜೇಂದ್ರಗಡದ ಗುಡ್ಡದ ಅಂಚಿನಲ್ಲಿ ಕವಳಿ, ಪರಗಿಯ ಜೊತೆ ತಾನೇ ಬೆಳೆಯುವಂಥದು, ಸಂಕ್ರಾಂತಿಯ ಹೊತ್ತಿಗೆ ಸಂತೆಗೆ ಬರುವಂಥದು. ಹತ್ತಿರದಲ್ಲೇ ಇರುವುದರಿಂದ ನಮಗೆ ಅಸಡ್ಡೆ. ಜರ್ದಾಳು ಚಳಿಗೆ ಮಲಗಿದರೆ ಬಾರಿ ಸುಡುಬೇಸಿಗೆಗೆ ಮಲಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ, ಎರೆ ನೆಲ ಬಾಯಿ ಬಿಡುವ ಹೊತ್ತಿನಲ್ಲಿ, ಎಲೆ ಕಳಚಿ ಸುಮ್ಮನಾಗುತ್ತದೆ. ಮುಂಗಾರಿಗೆ ಚಿಗುರುತ್ತದೆ, ಹಿಂಗಾರಿಯ ಹೊತ್ತಿಗೆ ಹೂ ಬಿಡುತ್ತದೆ, ಡಿಸೆಂಬರ್ ನಂತರ ಹಣ್ಣು. ನಮ್ಮ ಸೀಮೆಗೆ ಮಳೆ ಬರುವ ಲೆಕ್ಕಕ್ಕೂ ಈ ಲೆಕ್ಕಕ್ಕೂ ಎಲ್ಲಿಯೂ ತಕರಾರಿಲ್ಲ. ನರಗುಂದದ ಕಡೆ ಮಲಪ್ರಭಾ ಕಾಲುವೆಯ ನೀರು ಹರಿದು ಸವಳಾದ ಹೊಲಗಳಿವೆಯಲ್ಲ, ಅಂಥ ಸವಳನ್ನೂ ಇದು ಬಹಳ ಹಣ್ಣಿನ ಗಿಡಗಳಿಗಿಂತ ಚೆನ್ನಾಗಿ ತಡೆಯುತ್ತದೆ.

ಹಚ್ಚುವ ರೀತಿಯನ್ನು ಸ್ವಲ್ಪ ತಾಳ್ಮೆಯಿಂದ ಕೇಳಿ. ಬಾರಿಯ ಜೀವ ಅದರ ತಾಯಿಬೇರಿನಲ್ಲಿದೆ. ಪಾಕೀಟಿನಲ್ಲಿ ಬೆಳೆದ ಸಸಿಯ ತಾಯಿಬೇರು ಸುರುಳಿ ಸುತ್ತಿರುತ್ತದೆ ಅಥವಾ ಕೀಳುವಾಗ ಕಡಿಯುತ್ತದೆ. ಅದಕ್ಕಾಗಿ ಬೇಸಿಗೆಯಲ್ಲೇ 20 ಫೂಟಿಗೊಂದರಂತೆ ಎರಡು ಫೂಟಿನ ಗುಂಡಿ ತೋಡಿ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣು ಮತ್ತು ತಿಪ್ಪೆಗೊಬ್ಬರ ತುಂಬಿ, ಮೊದಲ ಹದ ಮಳೆಗೆ ಜವಾರಿ ಬಾರಿಯ ಬೀಜ ಎರಡು-ಮೂರನ್ನು ಅಲ್ಲೇ ಊರಿ. ಬೀಜವನ್ನು ಗಟ್ಟಿ ಉಪ್ಪುನೀರಿಗೆ ಹಾಕಿದಾಗ ತೇಲಿದ್ದು ಜೊಳ್ಳು, ಚೆಲ್ಲಿಬಿಡಿ. ಚಿಪ್ಪನ್ನು ಹುಷಾರಾಗಿ ಒಡೆದು ಒಳಗಿನ ತಿರುಳು ಊರಿದರೆ ವಾರದೊಳಗೆ ಮೊಳೆಯುತ್ತದೆ. ಚಿಪ್ಪಿನ ಸಮೇತ ಹಾಕಿದರೆ ಮೂರು-ನಾಲ್ಕು ವಾರ ಕಾಯಬೇಕು. ಒಂದು ಗಟ್ಟಿ ಸಸಿ ಉಳಿಸಿಕೊಂಡು, ಕಾಂಡ ಪೆನ್ಸಿಲ್ ದಪ್ಪ ಆದಾಗ ಒಳ್ಳೆಯ ತಳಿಯ ಕಣ್ಣು ಕಸಿ ಮಾಡಿಸಿ. ಗೋಲಾ ತಳಿ ಬೇಗ ಹಣ್ಣಾಗುತ್ತದೆ, ಉಮ್ರಾನ್ ತಳಿ ತಡವಾಗಿ. ಎರಡನ್ನೂ ಅರ್ಧರ್ಧ ಹಾಕಿದರೆ ಸಂತೆಗೆ ಒಯ್ಯುವ ದಿನಗಳು ಹೆಚ್ಚುತ್ತವೆ.

ಇನ್ನು ಕೊಡಲಿ, ಕತ್ತರಿಯ ಮಾತು. ಹೊಸಬರು ಹೆದರುವುದು ಇಲ್ಲಿಯೇ. ಜರ್ದಾಳಿಗೆ ಚಳಿಗಾಲದಲ್ಲಿ ಜೋರಾಗಿ ಕತ್ತರಿ ಆಡಿಸಿದರೆ ಮಲಗಿದ ಹೂಮೊಗ್ಗೇ ನೆಲಕ್ಕೆ ಬೀಳುತ್ತದೆ. ಬಾರಿಯ ಕಥೆ ತಿರುಗುಮುರುಗು. ಅದು ಮಲಗಿದಾಗ ಹೂಮೊಗ್ಗು ಇನ್ನೂ ಹುಟ್ಟಿಯೇ ಇರುವುದಿಲ್ಲ. ಹೂ ಬರುವುದು ಆ ವರ್ಷದ ಹೊಸ ಚಿಗುರಿನ ಎಲೆಸಂದಿನಲ್ಲಿ. ಆದ್ದರಿಂದ ಏಪ್ರಿಲ್ ಕೊನೆಯಲ್ಲಿ, ಎಲೆ ಉದುರಿ ಗಿಡ ಮಲಗಿದಾಗ, ಹೋದ ವರ್ಷದ ಟೊಂಗೆಗಳನ್ನು ಬುಡದ ಕೆಲವು ಕಣ್ಣು ಬಿಟ್ಟು ಧೈರ್ಯವಾಗಿ ಕಡಿಯಿರಿ. ಕಡಿಯದೆ ಬಿಟ್ಟ ಗಿಡ ಮುಳ್ಳಿನ ಪೊದೆಯಾಗಿ ಗೋಲಿಯಷ್ಟು ಹಣ್ಣು ಕೊಡುತ್ತದೆ.

ಎರಡು ಕಾಟ ಇವೆ. ಅಕ್ಟೋಬರ್ ಹೊತ್ತಿಗೆ ಎಳೆಗಾಯಿಗೆ ಬೂದಿರೋಗ ಬರುತ್ತದೆ, ನೀರಿನಲ್ಲಿ ಕರಗುವ ಗಂಧಕ ಸಿಂಪಡಿಸಬೇಕು. ಇನ್ನೊಂದು ಹಣ್ಣಿನ ನೊಣ. ಅದರ ಹುಳ ಹಣ್ಣಿನಿಂದ ಇಳಿದು ಗಿಡದ ಕೆಳಗಿನ ಮಣ್ಣಿನಲ್ಲೇ ಕೋಶ ಕಟ್ಟುತ್ತದೆ. ಬಿದ್ದ ಹಣ್ಣನ್ನು ಆಯ್ದು ಹೂಳಿ, ಬೇಸಿಗೆಯಲ್ಲಿ ಬುಡದ ಮಣ್ಣನ್ನು ಕೆದರಿ ಬಿಸಿಲಿಗೆ ಒಡ್ಡಿ.

ಕಡಿದ ಟೊಂಗೆಗಳನ್ನು ಸುಡಬೇಡಿ. ಬಾರಿಯ ಎಲೆ ಕಂಡರೆ ಆಡು, ಕುರಿ ಬಿಡುವುದಿಲ್ಲ. ಮೊದಲೆರಡು ವರ್ಷ ಸಸಿ ಸಾಯುವುದು ಬರಕ್ಕಿಂತ ಹೆಚ್ಚಾಗಿ ಅವುಗಳ ಬಾಯಿಯಿಂದ. ಆ ಮುಳ್ಳುಕಂಟಿಯನ್ನೇ ಹೊಸ ಸಸಿಯ ಸುತ್ತ ಒತ್ತೊತ್ತಾಗಿ ಹೆಟ್ಟಿ, ನಡುವೆ ನೀರು ಹಾಕಲು ಕೈ ಹೋಗುವಷ್ಟು ಜಾಗ ಬಿಡಿ.